ದೆವ್ವ ಬಿಡಿಸುವ ಮೊದಲು ಮೆದುಳು ನೋಡಿಸಿ

ಇಂಥ ವಿಡಿಯೋಗಳು ನಮ್ಮ ಫೋನಿಗೂ ಬರುತ್ತವೆ. ಕೂದಲು ಕೆದರಿದ ಹುಡುಗಿ, ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುತ್ತಾಳೆ, ಬಾಯಿ ಸೊಟ್ಟ ಮಾಡುತ್ತಾಳೆ. ಎದುರಿಗೆ ಬೇವಿನ ಸೊಪ್ಪು ಹಿಡಿದವನು. ಕೆಳಗೆ ನಗುವ ಎಮೋಜಿಗಳ ಸಾಲು.

ವಿಡಿಯೋ ನೋಡಿ ಕಾಯಿಲೆ ಹೇಳಲು ನಮಗೆ ಬರುವುದಿಲ್ಲ. ಆದರೆ ಹೀಗೇ ಕಾಣುವ ಒಂದು ಕಾಯಿಲೆ ಇದೆ, ಅದಕ್ಕೆ ಚಿಕಿತ್ಸೆಯೂ ಇದೆ. ಸೋಂಕಿನಿಂದ ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹೆಸರು ಆಟೋಇಮ್ಯೂನ್ ಎನ್ಸೆಫಲೈಟಿಸ್. ಅದರಲ್ಲಿ ಎನ್‌ಎಂಡಿಎ ಎಂಬ ಬಗೆಯನ್ನು ಡಾ. ಜೋಸೆಪ್ ಡಾಲ್ಮಾವ್ ತಂಡ ವಿವರಿಸಿದ್ದೇ 2007ರಲ್ಲಿ. ಅದಕ್ಕೂ ಮೊದಲು ಎಷ್ಟು ಜನ ಹುಚ್ಚರೆನಿಸಿಕೊಂಡು ಸತ್ತರೋ!

ಶುರುವಿಗೆ ಬರೀ ಜ್ವರ, ತಲೆನೋವು ಇರಬಹುದು. ಆಮೇಲೆ ನಿದ್ದೆ ಹೋಗುತ್ತದೆ, ಇಲ್ಲದ ಭಯ, ಅನುಮಾನ. ಒಂದೇ ಸಮನೆ ಮಾತಾಡುತ್ತಿದ್ದವರ ಮಾತು ದಿನದಿನಕ್ಕೆ ಸವೆಯುತ್ತದೆ. ‘ಊಟ ಆಯ್ತಾ?’ ಅಂದರೆ ‘ಊಟ ಆಯ್ತಾ?’ ಎಂದೇ ಉತ್ತರ. ಕಡೆಗೆ ಅದೂ ಇಲ್ಲ. ನಿನ್ನೆಯದು ನೆನಪಿರುವುದಿಲ್ಲ, ಫಿಟ್ಸ್ ಬರುತ್ತದೆ, ಬಾಯಿ ನಾಲಿಗೆ ತಾವಾಗಿಯೇ ಆಡುತ್ತವೆ. ಹರೆಯದ ಹೆಣ್ಣುಮಕ್ಕಳಲ್ಲಿ ಹೆಚ್ಚು. ಗಂಡಸರನ್ನೂ ಚಿಕ್ಕ ಮಕ್ಕಳನ್ನೂ ಬಿಟ್ಟಿಲ್ಲ. ಹೊಡೆದರೆ ದೆವ್ವ ಹೋಗುವುದಿಲ್ಲ, ಚಿಕಿತ್ಸೆ ಕೊಡಬಹುದಾಗಿದ್ದ ದಿನಗಳು ಹೋಗುತ್ತವೆ.

ಎಡವುವುದು ಹಳ್ಳಿಯವರಷ್ಟೇ ಎಂದು ಪೇಟೆಯವರು ಬೀಗಬೇಕಿಲ್ಲ. 2009ರಲ್ಲಿ ನ್ಯೂಯಾರ್ಕಿನ ವರದಿಗಾರ್ತಿ ಸುಸಾನಾ ಕಹಾಲನ್‌ಗೆ ಇದೇ ಬಂದಾಗ ಒಬ್ಬ ವೈದ್ಯರು ಕುಡಿತದ ಮೇಲೆ ಹಾಕಿದರು. ಕೊನೆಗೆ ಡಾ. ಸೌಹೆಲ್ ನಜ್ಜಾರ್ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಆಕೆ ಹನ್ನೆರಡೂ ಅಂಕಿಗಳನ್ನು ಬಲಗಡೆಯೇ ತುರುಕಿದ್ದರು! ತೊಂದರೆ ಮನಸ್ಸಿನದಲ್ಲ, ಮೆದುಳಿನದು ಎಂಬ ಸುಳಿವು ಒಂದು ಹಾಳೆಯಲ್ಲಿ ಸಿಕ್ಕಿತು. ಚಿಕಿತ್ಸೆ ಪಡೆದು ಅವರು ಮತ್ತೆ ಪತ್ರಿಕೆಗೆ ಮರಳಿದರು.

2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಎರಡು ವರ್ಷ ಗಮನಿಸಿದ ರೋಗಿಗಳ ಪೈಕಿ ನೂರಕ್ಕೆ ಸುಮಾರು 80 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರಿಗೆ ಅನುಕೂಲ ಹೆಚ್ಚು.

ಆದ್ದರಿಂದ ತಡಮಾಡದೆ ನರರೋಗ ತಜ್ಞರ ಹತ್ತಿರ ಒಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಪರೀಕ್ಷೆ ಇದೆ. ಬೆನ್ನಿನಿಂದ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಹೊಟ್ಟೆ ಸ್ಕ್ಯಾನ್ ಬರೆದುಕೊಟ್ಟರೆ ದುಡ್ಡು ಹೊಡೆಯಲಿಕ್ಕೆ ಎಂದು ಜಗಳಕ್ಕೆ ನಿಲ್ಲಬೇಡಿ, ಕೆಲವರಲ್ಲಿ ಅಂಡಾಶಯದ ಗಡ್ಡೆಯೇ ಇದಕ್ಕೆ ಮೂಲ. ಹರಕೆ ಬೇಡ ಎನ್ನುತ್ತಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕೂತು ಹೊತ್ತುಕೊಳ್ಳಿ.

ಇನ್ನು ಆ ವಿಡಿಯೋ. ಗ್ರೂಪಿಗೆ ಹಾಕಬೇಡಿ, ಅಳಿಸಲೂಬೇಡಿ. ವೈದ್ಯರಿಗೆ ತೋರಿಸಿ: ಅವಳ ಮಾತು ಯಾವತ್ತು, ಹೇಗೆ ಬದಲಾಯಿತು ಎಂಬುದು ಅವರಿಗೆ ಬೇಕು.