ಕಚೇರಿ ಉಡುಪಿನ ಔಚಿತ್ಯ: ಬೊರಿವಲಿಯಿಂದ ಒಂದು ನೋಟ

ಬಿಸಿನೆಸ್ ಕ್ಯಾಶುವಲ್ ಎಂದರೆ ಸೂಟು-ಟೈಗಳ ಬಿಗಿ ಉಡುಪಿಗೂ ಮನೆಯಲ್ಲಿ ತೊಡುವ ಬಟ್ಟೆಗೂ ನಡುವಿನ ಕಚೇರಿ ಉಡುಪು. ಗಂಡಸರಿಗೆ ಕಾಲರ್ ಇರುವ ಶರ್ಟು, ಇಸ್ತ್ರಿ ಮಾಡಿದ ಪ್ಯಾಂಟು, ಶೂ. ಹೆಂಗಸರಿಗೆ ಚೂಡಿದಾರ, ಕುರ್ತಿ, ಸೀರೆ ಅಥವಾ ಪ್ಯಾಂಟು-ಶರ್ಟು. ಭಾರತದ ಹೆಚ್ಚಿನ ಕಚೇರಿಗಳಲ್ಲಿ ಈ ಮಾತಿಗಿರುವ ಸ್ಥೂಲ ಅರ್ಥ ಇಷ್ಟು. ಟೈ ಬೇಕಿಲ್ಲ, ಕೋಟು ಕಡ್ಡಾಯವಲ್ಲ. ಹಾಗೆಂದು ಚಡ್ಡಿ, ಹವಾಯಿ ಚಪ್ಪಲಿಗೆ ಜಾಗವೂ ಇಲ್ಲ. ಎರಡು ತುದಿಗಳು ಎಲ್ಲರಿಗೂ ಗೊತ್ತು; ನಡುವಿನ ಭಾಗ ಮಸುಕು. ಜೀನ್ಸ್ ಆದೀತೇ, ಕಾಲರ್ ಇಲ್ಲದ ಟೀ ಶರ್ಟು ನಡೆದೀತೇ, ಕುರ್ತಾ ತೊಟ್ಟು ಗ್ರಾಹಕರನ್ನು ಕಾಣಬಹುದೇ ಎಂಬ ಪ್ರಶ್ನೆಗಳು ಹುಟ್ಟುವುದು ಅಲ್ಲೇ. ಆ ಮಸುಕನ್ನು ಯಾವ ಅಳತೆಗೋಲಿನಿಂದ ತಿಳಿಗೊಳಿಸಬೇಕು ಎಂಬುದು ಇಲ್ಲಿನ ವಿಚಾರ.

ಈ ಉಡುಪಿನ ಹುಟ್ಟಿಗೂ ಸೆಕೆಗೂ ಸಂಬಂಧವಿದೆ. ಹವಾಯಿ ದ್ವೀಪಗಳ ಉಷ್ಣಹವೆಯಲ್ಲಿ ಕೋಟು-ಟೈ ತೊಟ್ಟು ಕೆಲಸ ಮಾಡುವುದು ಹಿಂಸೆಯಾಗಿತ್ತು. ಅಲ್ಲಿನ ಉಡುಪು ತಯಾರಕರ ಒತ್ತಾಯದಿಂದ 1960ರ ದಶಕದಲ್ಲಿ ಶುಕ್ರವಾರಗಳಂದು ಹೂ ಚಿತ್ತಾರದ ಸ್ಥಳೀಯ ಶರ್ಟಿಗೆ ಕಚೇರಿಗಳು ಒಪ್ಪಿಕೊಂಡವು. ಆ ಪದ್ಧತಿ ಅಮೆರಿಕದ ಮುಖ್ಯನಾಡಿಗೆ ದಾಟಿ ‘ಕ್ಯಾಶುವಲ್ ಫ್ರೈಡೇ’ ಆಯಿತು. ಸಡಿಲಿಕೆ ಸಿಕ್ಕ ನೌಕರರಿಗೆ ಅದರ ಮೇರೆ ಯಾವುದೆಂದು ತಿಳಿಯಲಿಲ್ಲ. 1992ರಲ್ಲಿ ಲೀವೈಸ್ ಕಂಪನಿ ಕಚೇರಿಗೆ ಒಪ್ಪುವ ಸಡಿಲ ಉಡುಪು ಹೇಗಿರಬೇಕೆಂದು ಚಿತ್ರಸಹಿತ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ ಸಾವಿರಾರು ಕಂಪನಿಗಳ ಸಿಬ್ಬಂದಿ ವಿಭಾಗಗಳಿಗೆ ಕಳಿಸಿತು. ಅದರಲ್ಲಿ ಆ ಕಂಪನಿಯ ಖಾಕಿ ಪ್ಯಾಂಟುಗಳ ಮಾರಾಟದ ಹಿತವೂ ಅಡಗಿತ್ತು. ಭಾರತದಲ್ಲಿ ಈ ಬದಲಾವಣೆ 1991ರ ಆರ್ಥಿಕ ಉದಾರೀಕರಣದ ಬೆನ್ನಿಗೆ ಬಂತು. ಬೆಂಗಳೂರಿನ ಮದುರಾ ಗಾರ್ಮೆಂಟ್ಸ್ 1993ರಲ್ಲಿ ಅಲೆನ್ ಸಾಲಿ ಉಡುಪುಗಳನ್ನು ಮಾರುಕಟ್ಟೆಗೆ ತಂದು, ‘ಫ್ರೈಡೇ ಡ್ರೆಸಿಂಗ್’ ಎಂಬ ಮಾತನ್ನು ಜಾಹೀರಾತಿನ ಮೂಲಕ ನಗರಗಳಲ್ಲಿ ಹಬ್ಬಿಸಿತು. ಬೆಂಗಳೂರಿನದೇ ಆದ ಇನ್ಫೋಸಿಸ್, 2015ರ ಜೂನ್‌ನಿಂದ ವಾರದ ಎಲ್ಲ ದಿನಗಳಲ್ಲೂ ಸಡಿಲ ಉಡುಪಿಗೆ ಅನುಮತಿ ಕೊಟ್ಟಿತು. ಒಂದು ದಿನದ ವಿನಾಯಿತಿ ಹೀಗೆ ವಾರವಿಡೀ ಹರಡಿತು.

ಮಾತು ಒಂದೇ ಆದರೂ ಅದರ ಅರ್ಥ ಕಚೇರಿಯಿಂದ ಕಚೇರಿಗೆ ಬೇರೆಯಾಗುತ್ತದೆ. ಇದನ್ನು ಕಾಣಲು ಮುಂಬಯಿಯ ಉತ್ತರದ ಉಪನಗರ ಬೊರಿವಲಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ದಕ್ಷಿಣ ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣ ಇಲ್ಲಿಂದ ಸುಮಾರು 34 ಕಿಲೋಮೀಟರ್. ಫಾಸ್ಟ್ ಲೋಕಲ್‌ನಲ್ಲಿ ಹೆಚ್ಚುಕಡಿಮೆ ಒಂದು ತಾಸು. ಒಂದೇ ಗಾಡಿ ಏರಿದವರಲ್ಲಿ ಕೆಲವರು ಗೋರೆಗಾಂವ್, ಮಲಾಡ್‌ಗಳ ಐಟಿ ಕಟ್ಟಡಗಳಿಗೆ, ಕೆಲವರು ಅಂಧೇರಿಯಲ್ಲಿ ಇಳಿದು ಸೀಪ್ಝ್ ಕೈಗಾರಿಕಾ ವಲಯಕ್ಕೆ, ಕೆಲವರು ಬಾಂದ್ರಾದಲ್ಲಿ ಇಳಿದು ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ, ಉಳಿದವರು ಲೋವರ್ ಪರೇಲ್, ಫೋರ್ಟ್‌ಗಳಿಗೆ ಹೋಗುತ್ತಾರೆ. ಸಾಫ್ಟ್‌ವೇರ್ ಬರೆಯುವವರಿಗೆ ಬಿಸಿನೆಸ್ ಕ್ಯಾಶುವಲ್ ಎಂದರೆ ಜೀನ್ಸ್ ಮತ್ತು ಕಾಲರ್ ಇರುವ ಟೀ ಶರ್ಟು. ಬಾಂದ್ರಾ-ಕುರ್ಲಾ ಸಂಕೀರ್ಣದ ಹಣಕಾಸು ಸಂಸ್ಥೆಗಳಲ್ಲಿ ಅದೇ ಮಾತಿಗೆ ಉದ್ದ ತೋಳಿನ ಶರ್ಟು, ಚರ್ಮದ ಶೂ, ಸಭೆಯಿದ್ದ ದಿನ ಬ್ಲೇಜರ್ ಎಂಬ ಅರ್ಥ. ಲೋವರ್ ಪರೇಲ್‌ನ ಜಾಹೀರಾತು, ಮಾಧ್ಯಮ ಕಚೇರಿಗಳಲ್ಲಿ ಬಣ್ಣ, ಚಿತ್ತಾರಗಳಿಗೂ ಎಡೆಯುಂಟು. ಆದ್ದರಿಂದ ಉಡುಪಿನ ಪ್ರಶ್ನೆಗೆ ಮೊದಲ ಉತ್ತರ ಹುದ್ದೆಯ ಸ್ವರೂಪದಲ್ಲಿದೆ. ದಿನವೂ ಹೊರಗಿನವರನ್ನು ಕಾಣುವ ಕೆಲಸಕ್ಕೂ ಕಂಪ್ಯೂಟರಿನ ಮುಂದೆ ಕೂರುವ ಕೆಲಸಕ್ಕೂ ಒಂದೇ ನಿಯಮ ಹೊಂದುವುದಿಲ್ಲ.

ಎರಡನೆಯ ಉತ್ತರ ದಾರಿಯಲ್ಲಿದೆ. ಬೊರಿವಲಿಯವರ ಉಡುಪು ಕಚೇರಿ ಮುಟ್ಟುವ ಮೊದಲು ಲೋಕಲ್ ರೈಲಿನ ಪರೀಕ್ಷೆ ಗೆಲ್ಲಬೇಕು. ಬೆಳಗಿನ ದಟ್ಟಣೆಯಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಮಂದಿ ನಿಲ್ಲುವುದುಂಟೆಂದು ರೈಲ್ವೆಯ ಲೆಕ್ಕವೇ ಹೇಳುತ್ತದೆ. ಇಸ್ತ್ರಿಯ ಗೀರು ಅಲ್ಲಿ ಉಳಿಯುವುದಿಲ್ಲ. ತಿಳಿ ನೀಲಿ ಶರ್ಟಿನ ಬೆನ್ನಿನಲ್ಲಿ ಬೆವರಿನ ಕಲೆ ಮೂಡುತ್ತದೆ. ಉದ್ದದ ದುಪಟ್ಟಾ ಯಾರದೋ ಬ್ಯಾಗಿಗೆ ಸಿಕ್ಕಿಕೊಳ್ಳುತ್ತದೆ. ಹೆಂಗಸರಿಗೆಂದೇ ಮೀಸಲಾದ ಲೇಡೀಸ್ ಸ್ಪೆಷಲ್ ಲೋಕಲ್ 1992ರ ಮೇ 5ರಂದು ಚರ್ಚ್‌ಗೇಟ್-ಬೊರಿವಲಿ ನಡುವೆ ಆರಂಭವಾದದ್ದು ಪ್ರಯಾಣದ ಈ ಕಷ್ಟಕ್ಕೆ ಸಿಕ್ಕ ಒಂದು ಪರಿಹಾರ. 2017ರ ಡಿಸೆಂಬರ್ 25ರಂದು ಇದೇ ಮಾರ್ಗದಲ್ಲಿ ಮುಂಬಯಿಯ ಮೊದಲ ಹವಾನಿಯಂತ್ರಿತ ಲೋಕಲ್ ಓಡಿತು. ಅದರಲ್ಲಿ ಬಂದವರ ಬಟ್ಟೆಗೆ ಬೆವರು ತಾಗದು. ಆದರೆ ಅದರ ದರ ಸಾಮಾನ್ಯ ಎರಡನೇ ದರ್ಜೆಯ ಹಲವು ಪಟ್ಟು. ಕಚೇರಿಯ ಬಾಗಿಲಲ್ಲಿ ಗರಿಗರಿಯಾಗಿ ನಿಂತವನ ಶಿಸ್ತನ್ನೂ ಸುಕ್ಕುಗಟ್ಟಿದ ಶರ್ಟಿನಲ್ಲಿ ಬಂದವನ ಶಿಸ್ತನ್ನೂ ಹೋಲಿಸುವವರು ಈ ಅಂತರವನ್ನು ಮರೆಯಬಾರದು.

ಇದಕ್ಕೆ ಮಳೆಗಾಲ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಉಪನಗರಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿದ್ದದ್ದುಂಟು. ನೀರು ನಿಂತ ರಸ್ತೆಯಲ್ಲಿ ಚರ್ಮದ ಶೂ ಹಾಕಿ ನಡೆದರೆ ಕೆಲವೇ ದಿನಗಳಲ್ಲಿ ಅದು ಬೂಸ್ಟು ಹಿಡಿಯುತ್ತದೆ. ಅನುಭವಸ್ಥರು ರಬ್ಬರ್ ಚಪ್ಪಲಿಯಲ್ಲಿ ಬಂದು, ಶೂಗಳನ್ನು ಕಚೇರಿಯ ಮೇಜಿನಡಿ ಇಟ್ಟುಕೊಳ್ಳುತ್ತಾರೆ. ಬ್ಯಾಗಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಶರ್ಟು ಇರುತ್ತದೆ. ಬೇಗ ಒಣಗುವ, ಹೆಚ್ಚು ಸುಕ್ಕುಗಟ್ಟದ ಮಿಶ್ರನೂಲಿನ ಬಟ್ಟೆ ಮಳೆಗಾಲಕ್ಕೆ ಹಿತ. ಬೇಸಿಗೆಗೆ ಹತ್ತಿಯೇ ಸರಿ. ಕೆಸರು ಸಿಡಿದರೂ ಎದ್ದು ಕಾಣದ ಗಾಢ ಬಣ್ಣದ ಪ್ಯಾಂಟು, ಹಿಮ್ಮಡಿಯಿಂದ ಎತ್ತರದಲ್ಲಿ ನಿಲ್ಲುವ ಸಲ್ವಾರ್ ಆಯ್ದುಕೊಳ್ಳುವುದು ಇಲ್ಲಿನ ಹವೆ ಕಲಿಸಿದ ಪಾಠ.

ಇಷ್ಟೆಲ್ಲ ಇದ್ದರೂ ಒಪ್ಪವಾಗಿ ಕಾಣಲು ಕಪಾಟು ತುಂಬ ಬಟ್ಟೆ ಬೇಕಿಲ್ಲ. ಒಂದಕ್ಕೊಂದು ಹೊಂದುವ ಬಣ್ಣದ ನಾಲ್ಕು ಶರ್ಟು, ಎರಡು ಪ್ಯಾಂಟು ಇದ್ದರೆ ಎಂಟು ಜೋಡಿಯಾಗುತ್ತದೆ. ವಾರದ ಐದು ದಿನಕ್ಕೆ ಅದು ಧಾರಾಳ. ನಾಲ್ಕು ಕುರ್ತಿ, ಎರಡು ಸಲ್ವಾರ್‌ಗಳ ಲೆಕ್ಕವೂ ಇದೇ. ಬೆಲೆಗಿಂತ ಅಳತೆ ಮುಖ್ಯ: ಭುಜದ ಹೊಲಿಗೆ ಭುಜದ ಮೇಲೇ ಕೂರಬೇಕು, ಪ್ಯಾಂಟಿನ ತುದಿ ನೆಲ ಗುಡಿಸಬಾರದು. ಹಾಗೆ ಹೊಂದದಿದ್ದರೆ ದರ್ಜಿಯಿಂದ ಆಲ್ಟರ್ ಮಾಡಿಸುವ ಖರ್ಚು ಹೊಸ ಬಟ್ಟೆಯ ಖರ್ಚಿಗಿಂತ ತೀರ ಕಡಿಮೆ. ಒಗೆದ ಬಟ್ಟೆ, ಕಿತ್ತುಹೋಗದ ಗುಂಡಿ, ಒರೆಸಿದ ಶೂ, ಬೆವರು ವಾಸನೆ ಇಲ್ಲದಿರುವುದು ಬ್ರ್ಯಾಂಡಿನ ಚೀಟಿಗಿಂತ ಹೆಚ್ಚಿನ ಗೌರವ ತರುತ್ತವೆ. ಹೊಸದಾಗಿ ಸೇರುವವರು ಸಂದರ್ಶನಕ್ಕೆ ಹೋದಾಗಲೇ ಅಲ್ಲಿನವರ ಉಡುಪನ್ನು ಗಮನಿಸುವುದು, ಗೊತ್ತಾಗದಿದ್ದರೆ ಸಿಬ್ಬಂದಿ ವಿಭಾಗದವರನ್ನು ನೇರವಾಗಿ ಕೇಳುವುದು, ಮೊದಲ ವಾರ ಒಂದು ಮೆಟ್ಟಿಲು ಹೆಚ್ಚು ಬಿಗಿಯಾದ ಉಡುಪು ತೊಡುವುದು ಒಳಿತು.

ಇಲ್ಲೊಂದು ಮೂಲ ಆಕ್ಷೇಪವಿದೆ. ಸಂಬಳ ಕೊಡುವುದು ಕೆಲಸಕ್ಕೆ; ತೊಟ್ಟ ಬಟ್ಟೆಯ ಗೊಡವೆ ಸಂಸ್ಥೆಗೇಕೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯೂ ಅನುಭವದಿಂದಲೇ ಹುಟ್ಟಿದ್ದು. ಕಚೇರಿ ಹಲವರು ಕೂಡಿ ಬಾಳುವ ಜಾಗ. ಬ್ಯಾಂಕಿನ ಕಿಟಕಿಯಲ್ಲಿ ಆಯುಷ್ಯದ ಉಳಿತಾಯವನ್ನು ಒಪ್ಪಿಸುವ ವೃದ್ಧರು ಎದುರಿಗಿರುವವರ ಒಪ್ಪ ಓರಣದಲ್ಲಿ ಭರವಸೆ ಹುಡುಕುತ್ತಾರೆ. ಅಪರಿಚಿತರ ನಡುವಿನ ಮೊದಲ ಗಳಿಗೆಯಲ್ಲಿ ಉಡುಪು ಮಾತಿಗಿಂತ ಮುಂಚೆ ತಲುಪುತ್ತದೆ. ಎದುರಿನವರ ಬಗೆಗಿನ ಗೌರವವನ್ನು ಅದು ತಿಳಿಸುವುದಾದರೆ ಒಂದಿಷ್ಟು ಶಿಸ್ತನ್ನು ಕೇಳುವುದು ನ್ಯಾಯವೇ. ಆದರೆ ಗಾದೆಯ ‘ಪರರು’ ಯಾರು ಎಂಬುದು ಸ್ಪಷ್ಟವಾಗಬೇಕು. ಕೆಲಸದ ಫಲ ಪಡೆಯುವವರು, ಪಕ್ಕದಲ್ಲಿ ಕೂರುವವರು ಆ ಪರರೇ ಹೊರತು ಮೇಲಧಿಕಾರಿಯೊಬ್ಬರ ವೈಯಕ್ತಿಕ ಅಭಿರುಚಿಯಲ್ಲ. ಆ ಮೇರೆ ದಾಟಿದ ನಿಯಮ ಬರೀ ಅಧಿಕಾರದ ಪ್ರದರ್ಶನವಾಗುತ್ತದೆ.

ನಿಯಮಕ್ಕಿಂತ ಹೆಚ್ಚು ನೋಯಿಸುವುದು ಬಾಯಿಬಿಟ್ಟು ಹೇಳದ ನಿಯಮ. ಅಪ್ಪ, ಅಮ್ಮ ಕಚೇರಿಗೆ ಹೋಗಿ ಬರುವುದನ್ನು ನೋಡಿ ಬೆಳೆದವರಿಗೆ ‘ಸ್ವಲ್ಪ ಕ್ಯಾಶುವಲ್ ಆಗಿ ಬನ್ನಿ’ ಎಂಬ ಮಾತಿನ ಒಳಗುಟ್ಟು ತಾನಾಗಿ ತಿಳಿಯುತ್ತದೆ. ಮನೆತನದಲ್ಲೇ ಮೊದಲ ಸಲ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಅದು ಒಗಟು. ಮುಂಬಯಿಯ ಕನ್ನಡಿಗರಿಗೆ ಇದು ಹೊಸತಲ್ಲ. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಬ್ಯಾಂಕು-ಕಂಪನಿಗಳ ಕೆಲಸ ಹಿಡಿದವರು. ಹಾಗೆ ಬಂದವರ ಯೋಗ್ಯತೆಯನ್ನು ಶೂವಿನ ಬಣ್ಣದಿಂದ ಅಳೆದರೆ ನಷ್ಟ ಆ ಸಂಸ್ಥೆಗೂ ಉಂಟು. ಆದ್ದರಿಂದ ಉಡುಪಿನ ನಿರೀಕ್ಷೆಯನ್ನು ಸರಳ ಮಾತಿನಲ್ಲಿ ಬರೆದು, ನೇಮಕಾತಿ ಪತ್ರದ ಜೊತೆಗೇ ಕೊಡುವುದು ಸಂಸ್ಥೆಯ ಕರ್ತವ್ಯ. ಮಹಾರಾಷ್ಟ್ರ ಸರಕಾರ 2020ರ ಡಿಸೆಂಬರ್‌ನಲ್ಲಿ ತನ್ನ ನೌಕರರಿಗೆ ಜೀನ್ಸ್, ಟೀ ಶರ್ಟು, ಸ್ಲಿಪ್ಪರ್ ಬೇಡವೆಂದು, ವಾರಕ್ಕೊಮ್ಮೆ ಶುಕ್ರವಾರ ಖಾದಿ ತೊಡಬೇಕೆಂದು ಸುತ್ತೋಲೆ ಹೊರಡಿಸಿತು. ಅದರ ಒಂದೊಂದು ಅಂಶವನ್ನೂ ಒಪ್ಪಬೇಕಿಲ್ಲ. ಆದರೆ ಬರಹದಲ್ಲಿರುವ ನಿಯಮವನ್ನು ಓದಬಹುದು, ಪ್ರಶ್ನಿಸಬಹುದು, ತಿದ್ದಿಸಬಹುದು. ಕಣ್ಸನ್ನೆಯಲ್ಲಿರುವ ನಿಯಮಕ್ಕೆ ಈ ಯಾವ ಗುಣವೂ ಇಲ್ಲ.

ಇಂಥ ನಿಯಮಗಳ ಭಾರ ಹೆಂಗಸರ ಮೇಲೆ ಹೆಚ್ಚು ಬೀಳುತ್ತದೆ. ಗಂಡಸರ ಉಡುಪಿಗೆ ಒಂದು ಸಾಲು ಸಾಕಾದಲ್ಲಿ ಹೆಂಗಸರ ತೋಳು, ಕುತ್ತಿಗೆ, ಉದ್ದ, ಬಣ್ಣಗಳ ಮೇಲೆಲ್ಲ ಮಾತು ಬೆಳೆಯುತ್ತದೆ. ಸೀರೆ ಉಟ್ಟರೆ ಹಳಬರು, ಪ್ಯಾಂಟು ತೊಟ್ಟರೆ ಜಂಬದವರು ಎಂಬ ತೀರ್ಪು ಬೇರೆ. ಇಬ್ಬರಿಗೂ ಒಂದೇ ಬಗೆಯ ಅಳತೆ ಇಲ್ಲದ ನಿಯಮ ನ್ಯಾಯದ್ದಲ್ಲ. ದೇಶೀ ಉಡುಪಿನ ಸ್ಥಾನವೂ ಇದಕ್ಕೆ ಹೊಂದಿಕೊಂಡ ಪ್ರಶ್ನೆ. ಹತ್ತಿ ಸೀರೆ, ಸಲ್ವಾರ್ ಕುರ್ತಾಗಳು ಕಚೇರಿಯಲ್ಲಿ ವರ್ಷವಿಡೀ ಸಲ್ಲುತ್ತವೆ. ಗಂಡಸರ ಕುರ್ತಾ ಮಾತ್ರ ಅನೇಕ ಕಡೆ ಹಬ್ಬದ ದಿನಕ್ಕೆ ಮೀಸಲು. ಇದಕ್ಕೆ ಕಾರಣ ರೂಢಿಯೇ ಹೊರತು ಔಚಿತ್ಯವಲ್ಲ. ಫಿಲಿಪ್ಪೀನ್ಸಿನಲ್ಲಿ ಬಾರೊಂಗ್ ಎಂಬ ತೆಳು ನೂಲಿನ ಸ್ಥಳೀಯ ಅಂಗಿಗೆ ಅತ್ಯುನ್ನತ ಸಮಾರಂಭದಲ್ಲೂ ಮನ್ನಣೆಯಿದೆ. ಜಪಾನ್ ಸರಕಾರ 2005ರಲ್ಲಿ ‘ಕೂಲ್ ಬಿಜ್’ ಎಂಬ ಹೆಸರಿನಲ್ಲಿ ಬೇಸಿಗೆಯ ಕೋಟು-ಟೈಗಳನ್ನು ಬಿಡಿಸಿ, ಕಚೇರಿಯ ಉಷ್ಣತೆಯನ್ನು 28 ಡಿಗ್ರಿಗೆ ನಿಲ್ಲಿಸಿ ವಿದ್ಯುತ್ ಉಳಿಸಲು ಹೇಳಿತು. ಶಿಸ್ತಿಗೆ ಹೆಸರಾದ ದೇಶವೇ ಹೀಗೆ ಹವೆಗೆ ತಲೆಬಾಗಿರುವಾಗ, ಕಾಲರ್ ಇರುವ ಒಪ್ಪವಾದ ಹತ್ತಿ ಕುರ್ತಾವನ್ನು ಮುಂಬಯಿಯ ಕಚೇರಿ ನಿತ್ಯದ ಉಡುಪಾಗಿ ಸ್ವೀಕರಿಸಲು ಅಡ್ಡಿಯಿರಬಾರದು.

ಹೀಗೆ ನೋಡಿದಾಗ ಬಿಸಿನೆಸ್ ಕ್ಯಾಶುವಲ್‌ನ ಮಸುಕನ್ನು ತಿಳಿಗೊಳಿಸಲು ನಾಲ್ಕು ಅಳತೆಗಳು ಸಾಕು. ಉಡುಪು ಮಾಡುವ ಕೆಲಸಕ್ಕೂ ಎದುರಿಗೆ ಕೂರುವವರಿಗೂ ಒಪ್ಪಬೇಕು. ಊರಿನ ಹವೆಯನ್ನೂ ಬರುವ ದಾರಿಯನ್ನೂ ತಾಳಬೇಕು. ಸಂಬಳದ ಮಿತಿಯಲ್ಲಿ ಕೊಳ್ಳಲು ಸಾಧ್ಯವಾಗಬೇಕು. ಗಂಡಸರು-ಹೆಂಗಸರು, ಹಳಬರು-ಹೊಸಬರು ಎಂಬ ಭೇದವಿಲ್ಲದೆ ಎಲ್ಲರಿಗೂ ಮೊದಲೇ ತಿಳಿದಿರಬೇಕು. ಮೊದಲ ಅಳತೆಯನ್ನು ಪಾಲಿಸುವುದು ನೌಕರರ ಹೊಣೆ. ಉಳಿದ ಮೂರನ್ನು ಗಮನಿಸಿ ನಿಯಮ ರೂಪಿಸುವುದು ಸಂಸ್ಥೆಯ ಹೊಣೆ. ಎರಡೂ ಕಡೆಯವರು ತಮ್ಮ ಪಾಲು ನೆರವೇರಿಸಿದರೆ, ಬೊರಿವಲಿಯಲ್ಲಿ ಗಾಡಿ ಏರುವವರು ಬಟ್ಟೆಯ ಚಿಂತೆ ಬಿಟ್ಟು ಕೆಲಸದ ಕಡೆ ಮನಸ್ಸು ಕೊಡಬಹುದು.