ಮೇಲಿನವರ ರಾತ್ರಿ, ಕೆಳಗಿನವರ ನಸುಕು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೂಮುಗಳು ಹೇಗಿರುತ್ತವೆ ಎಂಬುದು ಅಲ್ಲಿ ಇದ್ದು ಬಂದವರಿಗೆ ಗೊತ್ತು. ಗೋಡೆ ತೆಳು, ಬಾಡಿಗೆ ದಪ್ಪ. ನಾವಿಬ್ಬರು ಕೆಳಗಿನ ರೂಮಿನಲ್ಲಿದ್ದೆವು. ಮೇಲೆ ಮೂವರು ಹುಡುಗರು. ರಾತ್ರಿ ಹನ್ನೊಂದೂವರೆಗೆ ಅವರ ಬೈಕು ಬಂದು ನಿಂತರೆ ನಮ್ಮ ಓದು ಮುಗಿದಂತೆ. ಬ್ಲೂಟೂತ್ ಸ್ಪೀಕರ್, ಕುಕ್ಕರ್ ಸೀಟಿ, ನಗು. ಪರೀಕ್ಷೆಗೆ ಉಳಿದದ್ದು ಎರಡೇ ತಿಂಗಳು. ಅದು ನನ್ನ ಮೂರನೇ ಪ್ರಯತ್ನ. ‘ಇದೇ ಕೊನೆ’ ಎಂದು ಮನೆಯಲ್ಲಿ ಅಪ್ಪ ಹೇಳಿಯಾಗಿತ್ತು.

ಮೇಲೆ ಹೋಗಿ ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ಅವರು ಮೂವರು, ನಾವಿಬ್ಬರು. ಮಾತಿಗೆ ಮಾತು ಬೆಳೆದರೆ ರೂಮು ಬಿಡಬೇಕಾಗಬಹುದು, ಅಡ್ವಾನ್ಸ್ ಸಿಲುಕಿಕೊಳ್ಳಬಹುದು. ಹೀಗಾಗಿ ಅಡ್ಡದಾರಿ ಹಿಡಿದೆವು. ಕಸಬರಿಗೆಯ ಹಿಡಿಯಿಂದ ಚಾವಣಿ ಕುಟ್ಟಿದೆವು. ಅವರು ಅದಕ್ಕೆ ತಾಳ ಹಾಕಿದರೋ ಏನೋ, ಸದ್ದು ಇನ್ನೂ ಹೆಚ್ಚಾಯಿತು. ‘ಕೆಲವರಿಗೆ ಬುದ್ಧಿ ಯಾವಾಗ ಬರುತ್ತೋ’ ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದೆ. ಅದನ್ನು ನೋಡಿದವಳು ಊರಲ್ಲಿರುವ ನನ್ನ ತಂಗಿ ಮಾತ್ರ!

ಕಾನೂನು ಇಲ್ಲವೇ? ಇದೆ. ಪರೀಕ್ಷೆಗೆಂದೇ ಓದಿದ್ದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರರವರೆಗೆ. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಸದ್ದು ಮಾಡುವ ಕಟ್ಟಡ ಕಾಮಗಾರಿ ಯಂತ್ರಗಳನ್ನು ಬಳಸುವಂತಿಲ್ಲ. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಾರೆ. ಮದುವೆ ಮಂಟಪದ ಡಿಜೆ, ಬೀದಿಯ ಧ್ವನಿವರ್ಧಕಕ್ಕೆ ಇದು ಸರಿ. ಆದರೆ ಒಂದೇ ಮೆಟ್ಟಿಲು ಹತ್ತಿಳಿಯುವವರ ನಡುವೆ? ಮಂಚ ಎಳೆಯುವ, ಬಾಗಿಲು ಬಡಿಯುವ ಸದ್ದನ್ನು ಯಾರು ಅಳೆಯುತ್ತಾರೆ? ಪೊಲೀಸ್ ಜೀಪು ಹತ್ತು ನಿಮಿಷ ನಿಂತು ಹೋಗುತ್ತದೆ. ಮರುದಿನ ಮೆಟ್ಟಿಲ ಮೇಲೆ ಎದುರಾಗುವವರು ಅವರೇ.

ಕೊನೆಗೆ ಮನೆ ಮಾಲೀಕರಾದ ಕಾಕು ಹತ್ತಿರ ಹೋದೆ. ‘ಕಾಕು, ಮ್ಯಾಲಿನವ್ರು ರಾತ್ರಿ ಭಾಳ ಗದ್ದಲ ಮಾಡ್ತಾರ್ರಿ. ನನ್ನ ಹೆಸರು ಹೇಳಬ್ಯಾಡ್ರಿ’ ಎಂದೆ. ಅವರು ನಕ್ಕುಬಿಟ್ಟರು. ‘ತಮ್ಮಾ, ಹೋದ ತಿಂಗಳ ಅವ್ರೂ ಬಂದು ನಿಮ್ಮ ಮ್ಯಾಲೆ ಹೇಳ್ಯಾರ. ನಸುಕಿನ್ಯಾಗ ನಾಕೂವರಿಗೆ ಅಲಾರಾಂ, ಬಕೀಟಿನ ಸಪ್ಪಳ, ಆಮ್ಯಾಲೆ ಜೋರಾಗಿ ಓದೂದು. ಅವ್ರು ಮಲಗೋದ ಎರಡಕ್ಕಂತ. ಅವ್ರೂ ಹೆಸರು ಹೇಳಬ್ಯಾಡ್ರಿ ಅಂದಿದ್ರು.’

ನನಗೆ ಮಾತೇ ಹೊರಡಲಿಲ್ಲ. ಆ ಮೂವರು ಊಟ ತಲುಪಿಸುವ ಡೆಲಿವರಿ ಕೆಲಸದವರು. ಊರು ಉಂಡು ಮಲಗಿದ ಮೇಲೆ ಅವರ ಸಂಜೆ ಶುರು. ನಿಯಮದ ಪ್ರಕಾರ ನಸುಕಿನ ನಾಲ್ಕೂವರೆಯೂ ರಾತ್ರಿಯೇ! ಅಂದರೆ ನಾನೂ ಅವರಷ್ಟೇ ತಪ್ಪಿತಸ್ಥ. ತಿಂಗಳುಗಟ್ಟಲೆ ಎರಡೂ ಕಡೆಯವರು ಹಲ್ಲು ಕಚ್ಚಿ ಸುಮ್ಮನಿದ್ದೆವು, ಇನ್ನೊಬ್ಬರು ಬೇಕೆಂದೇ ಮಾಡುತ್ತಿದ್ದಾರೆ ಎಂದುಕೊಂಡು.

ಕಾಕು ಯಾರನ್ನೂ ಬೈಯಲಿಲ್ಲ, ಎದುರುಬದುರು ಕೂರಿಸಲೂ ಇಲ್ಲ. ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸಿದರು: ರಾತ್ರಿ ಹತ್ತರ ನಂತರ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ, ಆರರ ಒಳಗೆ ನೀರು ತುಂಬಿಸುವುದು, ಜೋರಾಗಿ ಓದುವುದು ಬೇಡ. ಯಾರ ಹೆಸರೂ ಇಲ್ಲ, ಎಲ್ಲರಿಗೂ ಅದೇ. ನಾವು ರಾತ್ರಿಯೇ ಬಕೆಟ್ ತುಂಬಿಸಿಡತೊಡಗಿದೆವು. ಮೇಲಿನ ಸ್ಪೀಕರ್ ಸುಮ್ಮನಾಯಿತು. ಕುಕ್ಕರ್ ಸೀಟಿ ಮಾತ್ರ ನಿಲ್ಲಲಿಲ್ಲ. ಹಸಿದವರಿಗೆ ಅಡುಗೆ ಬೇಡ ಎನ್ನಲು ನಮಗೂ ಮನಸ್ಸಾಗಲಿಲ್ಲ.

ನೇರವಾಗಿ ಜಗಳಕ್ಕೆ ಹೋಗದಿರುವುದು ಹೇಡಿತನವಲ್ಲ. ಆದರೆ ಸುಮ್ಮನೆ ಸಹಿಸುವುದು, ಚುಚ್ಚಿ ಸ್ಟೇಟಸ್ ಹಾಕುವುದು ಪರಿಹಾರವೂ ಅಲ್ಲ. ನಡುವೆ ಇಬ್ಬರೂ ಗೌರವಿಸುವ ಒಬ್ಬರು ಬೇಕು. ಹಳ್ಳಿಯಲ್ಲಿ ಕಟ್ಟೆಯ ಮೇಲೆ ಕೂರುವ ಹಿರಿಯರಿದ್ದರು; ಅವರ ನ್ಯಾಯ ಯಾವಾಗಲೂ ನ್ಯಾಯವಾಗಿರಲಿಲ್ಲ, ಬಲವಿದ್ದವರ ಕಡೆಗೆ ವಾಲುತ್ತಿತ್ತು ಎಂಬುದೂ ನಿಜ. ಆದರೆ ನಗರದ ಬಾಡಿಗೆದಾರನಿಗೆ ಅಷ್ಟೂ ಇಲ್ಲ. ಮಾಲೀಕರು ಬೇರೆ ಊರಲ್ಲಿದ್ದು, ಬಾಡಿಗೆ ಫೋನಿನಲ್ಲೇ ಹೋಗುವ ಕಡೆ ಕಾಕು ಎಲ್ಲಿಂದ ಬರಬೇಕು?

2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಇದಕ್ಕೊಂದು ದಾರಿಯನ್ನು ಬರೆದಿಟ್ಟಿದ್ದಾರೆ. ಒಂದು ಬಡಾವಣೆಯ ನೆಮ್ಮದಿ ಕೆಡಿಸುವ ವ್ಯಾಜ್ಯವನ್ನು ಎರಡೂ ಕಡೆಯವರು ಒಪ್ಪಿದರೆ ಮೂವರು ಮಧ್ಯಸ್ಥಗಾರರ ಸಮಿತಿಯ ಮುಂದೆ ಬಗೆಹರಿಸಿಕೊಳ್ಳಬಹುದು. ಅದಕ್ಕೆ ‘ಸಮುದಾಯ ಮಧ್ಯಸ್ಥಿಕೆ’ ಎಂದು ಹೆಸರು. ಕೋರ್ಟಿನ ತೀರ್ಪಿನಂತೆ ಅದನ್ನು ಜಾರಿ ಮಾಡಿಸಲಾಗದು; ಮಾತಿಗೆ ಮರ್ಯಾದೆ ಕೊಟ್ಟರಷ್ಟೇ ಬೆಲೆ. ಆದರೂ ಓಣಿ ಓಣಿಗೆ ಅಂಥದ್ದೊಂದು ಬಾಗಿಲು ತೆರೆದರೆ, ರೂಮು ಖಾಲಿ ಮಾಡುವ ಭಯವಿಲ್ಲದೆ ನನ್ನಂಥವರು ಅದನ್ನು ತಟ್ಟಬಹುದು. ಸರ್ಕಾರ, ವಾರ್ಡಿನ ಪ್ರತಿನಿಧಿಗಳು ಇತ್ತ ಗಮನ ಕೊಡಲಿ.

ಪರೀಕ್ಷೆ ಬರೆದು ಬಂದ ರಾತ್ರಿ ಮೇಲಿನ ಹುಡುಗನೊಬ್ಬ ಮೆಟ್ಟಿಲ ಮೇಲೆ ಸಿಕ್ಕ. ‘ಅಣ್ಣಾ, ಪೇಪರ್ ಹೆಂಗಿತ್ರೀ?’ ಎಂದು ಕೇಳಿದ. ಅಷ್ಟು ದಿನ ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರ ಮೊದಲ ಮಾತು ಅದೇ.