ಮುಸುಕಿನ ಹಿಂದಿದ್ದವನು ಬೆಂಜೆನ್ ಕಾಕಾ ಅಲ್ಲ

ಈ ವಾರ ಸ್ಪಾಯ್ಲರ್‌ಗಳಿವೆ, ಮೊದಲೇ ಹೇಳಿಬಿಡ್ತೀನಿ. ‘ಗೇಮ್ ಆಫ್ ಥ್ರೋನ್ಸ್’ 2019ರಲ್ಲೇ ಮುಗಿದರೂ ಇನ್ನೂ ನೋಡದವರು ಇದ್ದೀರಿ ಅಂತ ಗೊತ್ತು, ನಮ್ಮ ಟೀಮಿನಲ್ಲೇ ಇಬ್ಬರಿದ್ದಾರೆ. ಅವರು ಈ ಕಾಲಂ ಉಳಿಸಿಟ್ಟು ಆಮೇಲೆ ಓದಲಿ.

ನಾನು ಚಿತ್ತಾಪುರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ಆ ದಪ್ಪ ಪುಸ್ತಕಗಳನ್ನ ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಪಕ್ಕಕ್ಕೆ ಡಿಕ್ಷನರಿ ಇಟ್ಕೊಂಡು ಓದಿದ್ದು. ಹಂಗೆ ಓದಿದಾಗ ಒಂದು ಲಾಭ ಇದೆ: ನಿಧಾನ ಆಗುತ್ತೆ, ನಿಧಾನ ಆದಾಗ ಲೇಖಕ ಅಲ್ಲಲ್ಲಿ ಬಿಟ್ಟು ಹೋದ ಸುಳಿವು ಕಣ್ಣಿಗೆ ಬೀಳುತ್ತೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನನ್ನ ಊಹೆಗಳ ಒಂದು ಪಟ್ಟಿನೇ ಇತ್ತು.

ತೊಂದರೆ ಏನಾಯ್ತು ಅಂದ್ರೆ, ಐದನೇ ಪುಸ್ತಕ ಬಂದಿದ್ದು 2011ರಲ್ಲಿ. ಸೀರಿಯಲ್ ಶುರುವಾಗಿದ್ದೂ ಅದೇ ವರ್ಷ. ಆರನೇ ಪುಸ್ತಕ ಇವತ್ತಿಗೂ ಬಂದಿಲ್ಲ. ಸೀರಿಯಲ್‌ಗೆ ಕಾಯೋಕೆ ಆಗುತ್ತಾ? ಸೆಟ್ಟು, ನಟರ ಡೇಟು, ಚಾನೆಲ್ಲಿನ ತಾರೀಕು ಎಲ್ಲಾ ತಲೆ ಮೇಲೆ ಕೂತಿರ್ತಾವೆ. ಹಂಗಾಗಿ 2016ರ ಆರನೇ ಸೀಸನ್ ಹೊತ್ತಿಗೆ ಲೇಖಕ ಉತ್ತರ ಬರೆಯದ ಪ್ರಶ್ನೆಗಳಿಗೆ ಬೆನಿಯಾಫ್ ಮತ್ತು ವೈಸ್ ಉತ್ತರ ಕೊಡಬೇಕಾಯ್ತು.

ಜಾನ್ ಸ್ನೋನ ತಾಯಿ ಯಾರು ಅನ್ನೋದರ ಬಗ್ಗೆ ಜಾಸ್ತಿ ಹೇಳಲ್ಲ, ಗಮನ ಇಟ್ಟು ಓದಿದವರು ಅದನ್ನ ಎಂದೋ ಕಂಡುಹಿಡಿದಿದ್ದರು. ಹೋಡೋರ್ ವಿಷಯ ಬೇರೆ. 1996ರ ಮೊದಲ ಪುಸ್ತಕದಿಂದಲೂ ಆ ದೈತ್ಯ ಹುಡುಗ ಒಂದೇ ಶಬ್ದ ಹೇಳ್ತಾನೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷ ಆದ ಮೇಲೆ ಸೀರಿಯಲ್‌ನಲ್ಲಿ ಬಾಗಿಲು ಹಿಡಿದು ನಿಂತು ಸಾಯ್ತಾನೆ, ಆ ಶಬ್ದ ಎಲ್ಲಿಂದ ಬಂತು ಅಂತ ಆಗ ತಿಳಿಯುತ್ತೆ. ಅದು ಮಾರ್ಟಿನ್ ಅವರೇ ಹೇಳಿಕೊಟ್ಟ ಉತ್ತರ. ಅದಕ್ಕೇ ನಾಟಿತು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಅದು ಹಿಂದೆ ಓದಿದ ಪ್ರತಿ ಪುಟವನ್ನೂ ಬದಲಾಯಿಸಿಬಿಡುತ್ತೆ. ಪುಸ್ತಕದಲ್ಲಿ ಅದೇ ದೃಶ್ಯ ಬೇರೆ ಥರ ಬರುತ್ತೆ ಅಂತಲೂ ಅವರು ಹೇಳಿದ್ದಾರೆ.

ಈಗ ಕೋಲ್ಡ್‌ಹ್ಯಾಂಡ್ಸ್‌ಗೆ ಬರೋಣ, ನನ್ನ ಪಟ್ಟಿಯಲ್ಲಿ ಮೊದಲನೇದು ಅದೇ ಆಗಿತ್ತು. ಮೂರನೇ ಪುಸ್ತಕದಲ್ಲಿ ಎಲ್ಕ್ ಮೇಲೆ ಕೂತು ಒಬ್ಬ ಬರ್ತಾನೆ. (ಎಲ್ಕ್ ಅಂದ್ರೆ ನಮ್ಮ ಕಡವೆಗಿಂತ ಬಲು ದೊಡ್ಡದು.) ಕಪ್ಪು ಬಟ್ಟೆ, ಕಪ್ಪಾಗಿ ತಣ್ಣಗಾದ ಕೈ, ಮುಖಕ್ಕೆ ಮುಸುಕು. ಕಾಣೆಯಾದ ಬೆಂಜೆನ್ ಸ್ಟಾರ್ಕ್ ಇವನೇ ಇರಬೇಕು ಅಂತ ಅರ್ಧ ಜಗತ್ತು ನಂಬಿತ್ತು. ಶಹಾಬಾದಿನ ನನ್ನ ಗೆಳೆಯನಂತೂ “ಲೇ, ಅಂವ ನಮ್ಮ ಬೆಂಜೆನ್ ಕಾಕಾನೇ ಹೌದಲ್ಲೇನೋ” ಅಂತ ರಾತ್ರಿ ಹನ್ನೆರಡಕ್ಕೆ ಮೆಸೇಜ್ ಹಾಕ್ತಿದ್ದ. ಸೀರಿಯಲ್ ಕೂಡ ಹೌದು ಅಂತು. 2016ರಲ್ಲಿ ಮುಸುಕು ತೆಗೆದರೆ ಬೆಂಜೆನ್ನೇ.

ಅಲ್ಲಪಾ, ಅಲ್ಲ. ಐದನೇ ಪುಸ್ತಕದಲ್ಲೇ ಕಾಡಿನ ಮಕ್ಕಳಲ್ಲಿ ಒಬ್ಬಳು, ಅವನನ್ನ ಬಹಳ ಹಿಂದೆಯೇ ಕೊಂದಿದ್ದಾರೆ ಅಂತ ಹೇಳ್ತಾಳೆ. ಅವರ ಆಯಸ್ಸು ಎಷ್ಟು ಉದ್ದ ಅಂದ್ರೆ ಅವರ ‘ಬಹಳ ಹಿಂದೆ’ ಎರಡು ಮೂರು ವರ್ಷದ ಮಾತಲ್ಲ. ಇದಕ್ಕಿಂತ ಗಟ್ಟಿ ಪುರಾವೆ ಟೆಕ್ಸಾಸ್‌ನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದೆ. ಮಾರ್ಟಿನ್ ತಮ್ಮ ಕರಡು ಪ್ರತಿಗಳನ್ನ ಅಲ್ಲಿ ಕೊಟ್ಟಿದ್ದಾರೆ. ಅದರ ಅಂಚಿನಲ್ಲಿ ಅವರ ಸಂಪಾದಕಿ ಇವನು ಬೆಂಜೆನ್ನಾ ಅಂತ ಕೇಳಿದ್ದಾರೆ, ಮಾರ್ಟಿನ್ ಇಲ್ಲ ಅಂತ ಬರೆದಿದ್ದಾರೆ. ಅಂದ್ರೆ ಇಲ್ಲಿ ಸೀರಿಯಲ್ಲಿನ ಉತ್ತರ ಪುಸ್ತಕದ ಉತ್ತರವೇ ಅಲ್ಲ.

ಹಂಗಂತ ಅವರನ್ನ ಪೂರ್ತಿ ಬೈಯೋಕೂ ಮನಸ್ಸು ಬರಲ್ಲ. ಪುಸ್ತಕದಲ್ಲಿ ಮುಸುಕು ಅನ್ನೋದು ಒಂದು ಪದ, ಸಾವಿರ ಪುಟ ಹಂಗೇ ಇರಬಹುದು. ತೆರೆ ಮೇಲೆ ಮುಸುಕಿನ ಹಿಂದೆ ಒಬ್ಬ ನಟ ಬೇಕು. ಹೊಸ ಮುಖ ತಂದರೆ ನೋಡುವವರು ಇವನ್ಯಾರು ಅಂತಾರೆ, ಅವನಿಗೊಂದು ಕತೆ ಹೊಸೀಬೇಕು. ಇತ್ತ ಮೊದಲ ಸೀಸನ್‌ನಲ್ಲಿ ಕಾಣೆಯಾದ ಕಾಕಾ ಎಲ್ಲಿ ಅನ್ನೋ ಪ್ರಶ್ನೆಯೂ ಬಾಕಿ ಇದೆ. ಎರಡು ಟಿಕೆಟ್ ಸೇರಿಸಿ ಒಂದೇ ಸಲ ಕ್ಲೋಸ್ ಮಾಡಿದರು. ರಿಲೀಸ್ ಹಿಂದಿನ ರಾತ್ರಿ ನಾವೂ ಇದನ್ನೇ ಮಾಡೋದಲ್ವಾ?

ಆದ್ರೆ ಹಂಗೆ ಮುಚ್ಚಿದ್ದು ಮತ್ತೆ ತೆರೆದುಕೊಳ್ಳುತ್ತೆ. ‘ಹೌಸ್ ಆಫ್ ದಿ ಡ್ರ್ಯಾಗನ್’ ನೋಡಿ. ಅದರ ಮೂಲ, 2018ರ ‘ಫೈರ್ ಅಂಡ್ ಬ್ಲಡ್’, ಕಾದಂಬರಿ ಅಲ್ಲ, ಕಟ್ಟುಕತೆಯ ಇತಿಹಾಸ. ಒಂದೇ ಘಟನೆಗೆ ಮೂವರು ಮೂರು ಥರ ಸಾಕ್ಷಿ ಹೇಳ್ತಾರೆ. ಅಲ್ಲಿ ಲೇನೋರ್ ವೆಲೇರಿಯನ್ ಕೊಲೆಯಾಗ್ತಾನೆ, ಕಾರಣದ ಬಗ್ಗೆ ಜಗಳ. ಸೀರಿಯಲ್ 2022ರಲ್ಲಿ ಆ ಜಗಳವನ್ನೇ ತೆಗೆದುಹಾಕಿತು: ಅವನು ಸತ್ತಂತೆ ನಟಿಸಿ ದೋಣಿ ಹತ್ತಿ ಪಾರಾದ. ಸರಿ. 2024ರ ಎರಡನೇ ಸೀಸನ್‌ನಲ್ಲಿ ಅವನ ಡ್ರ್ಯಾಗನ್ ಹೊಸ ಸವಾರನನ್ನ ಒಪ್ಪಿಕೊಂಡಿತು. ಸವಾರ ಬದುಕಿರುವಾಗ ಡ್ರ್ಯಾಗನ್ ಇನ್ನೊಬ್ಬನನ್ನ ಒಪ್ಪೋದಿಲ್ಲ ಅಂತ ಆ ಲೋಕದ ನಿಯಮ. ಹಂಗಾದ್ರೆ ಲೇನೋರ್ ಸತ್ತನಾ? ಪುಸ್ತಕದಲ್ಲಿ ಇಲ್ಲದ ಪ್ರಶ್ನೆಯನ್ನ ಸೀರಿಯಲ್ ತಾನೇ ಹುಟ್ಟಿಸಿಕೊಂಡಿತು.

ಇದನ್ನೆಲ್ಲ ಯೋಚಿಸುವಾಗ ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿ ನೆನಪಾಗುತ್ತೆ. ಭೀಮಾ ನದಿ ದಂಡೆ, ಚಂದ್ರಲಾಂಬೆಯ ಗುಡಿ. ಅಲ್ಲಿನ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿದು ಮೂರ್ತಿ ಒಡೆದುಹೋಯ್ತು. ಮೂರ್ತಿಗೆ ಪೀಠವಾಗಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ. ಎಂದೋ ಯಾರೋ ಮೂರ್ತಿ ನಿಲ್ಲಿಸೋಕೆ ಆ ಕಲ್ಲಿನ ನಡುವೆ ತೂತು ಕೊರೆದಿದ್ದರು. ಅವರು ಕೆಟ್ಟವರಲ್ಲ, ಅವರಿಗೆ ಪೀಠ ಬೇಕಾಗಿತ್ತು. ಆದ್ರೆ ತೂತಿನ ಜಾಗದಲ್ಲಿದ್ದ ಅಕ್ಷರ ಹೋದವು. ಪುಣ್ಯಕ್ಕೆ ಅದರಲ್ಲಿನ ಎರಡು ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೂ ಇವೆ. ಪಕ್ಕದಲ್ಲಿಟ್ಟು ಓದಿದರೆ ಇಲ್ಲಿ ಏನು ಹೋಗಿದೆ ಅಂತ ತಿಳಿಯುತ್ತೆ.

ನಮ್ಮ ಕೋಲ್ಡ್‌ಹ್ಯಾಂಡ್ಸ್‌ಗೆ ಇನ್ನೊಂದು ಪ್ರತಿ ಇನ್ನೂ ಬಂದಿಲ್ಲ. ಸೀರಿಯಲ್ ನೋಡಿದ ಮೇಲೆ ಪುಸ್ತಕ ತೆಗೆದರೆ ಆ ನಟನ ಮುಖವೇ ಕಣ್ಣಮುಂದೆ ಬರುತ್ತೆ, ಒರೆಸಿದರೂ ಹೋಗಲ್ಲ. ಸೀರಿಯಲ್ ಮೇಲೆ ನನ್ನ ತಕರಾರು ಇದೊಂದೇ. ಆರನೇ ಪುಸ್ತಕ ಬಂದ ದಿನ ನಾನು ಮೊದಲು ಹುಡುಕೋದು ಆ ಎಲ್ಕ್ ಮೇಲೆ ಕೂತವನನ್ನ. ಶಹಾಬಾದಿನ ಗೆಳೆಯ ಮಾತ್ರ ಇನ್ನೂ ಕಾಕಾನೇ ಅಂತಿದ್ದಾನೆ.